ಹಾಲಂಗಡಿಯ ಮೊಮ್ಮಗಳು

ಫೆಬ್ರವರಿ 3, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಮಾತಾಡಲು ನಿಷೇಧ ಬಿದ್ದಿದೆ, ಅದಕ್ಕೆ. ಬೆಳಿಗ್ಗೆ ಮಗ ಲಿಫ್ಟ್ ರಿಪೇರಿಗೆ ಹೊರಡುವ ಮುಂಚೆ ನನ್ನನ್ನು ಹಾಲಿನ ಕ್ಯಾನುಗಳ ಹಿಂದಕ್ಕೆ ಕರೆದು, "ಅಮ್ಮ, ಹೆರಿಗೆ ರಜೆ ಮುಗಿಸಿ ಅವಳು ಡ್ಯೂಟಿಗೆ ಹೋಗ್ತಿರೋ ಮೊದಲನೇ ದಿನ ಇದು. ನಿಂಗೆ ಏನನ್ನಿಸಿದ್ರೂ ಮನಸ್ಸಲ್ಲೇ ಇಟ್ಕೋ" ಎಂದ. ನನ್ನ ಮನಸ್ಸಿನಲ್ಲಿ ಅಷ್ಟು ಜಾಗವಿಲ್ಲ. ಪಶು ಆಹಾರದ ಕಂಪನಿಯವರು ವರ್ಷವರ್ಷ ಕೊಡುವ ಡೈರಿ ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಡೇರಿಯವಳಿಗೊಂದು ಡೈರಿ. ಸರಿಯಾಗಿಯೇ ಇದೆ.

ಸೊಸೆ ಸಿಟಿ ಬಸ್ಸಿನ ಡ್ರೈವರ್. ಅಷ್ಟುದ್ದದ ಬಸ್ಸನ್ನು ಇಕ್ಕಟ್ಟಾದ ತಿರುವಿನಲ್ಲೂ ಸಲೀಸಾಗಿ ತಿರುಗಿಸುತ್ತಾಳೆ. ಅವಳ ಮಾತು ಮಾತ್ರ ಎಲ್ಲೂ ತಿರುಗುವುದಿಲ್ಲ, ನೆಟ್ಟಗೆ ಬಂದು ಎದೆಗೆ ತಾಗುತ್ತದೆ. ಮಗುವನ್ನು ನನ್ನ ಕೈಗಿಟ್ಟು, ತನ್ನ ಹಾಲು ತೆಗೆದಿಟ್ಟಿದ್ದ ಮೂರು ಬಾಟಲಿ ತೋರಿಸಿ ಹೇಳಿದಳು: "ಅತ್ತೆ, ಒಂದು ವರ್ಷ ತುಂಬೋ ತನಕ ಇವಳಿಗೆ ಕುಡಿಯೋಕೆ ಹಸುವಿನ ಹಾಲು ಬೇಡ. ಊಟದ ಜೊತೆ ಎರಡು ಚಮಚ ಮೊಸರು ಕೊಡಬಹುದು. ಡಾಕ್ಟರಮ್ಮ ಹೇಳಿದ್ದಾರೆ."

"ಹಾಲು ಬೇಡ ಅಂದ್ಮೇಲೆ ಮೊಸರೂ ಬೇಡ ಬಿಡಮ್ಮ" ಎಂದೆ.

ಮೂವತ್ತೊಂದು ವರ್ಷದಿಂದ ಈ ಬೀದಿಗೆ ಹಾಲು ಅಳೆದು ಹಾಕಿದ ಕೈ ಇದು. ಬೇಕರಿಯವನ ಕೇಕು, ಶಾಲೆಯ ಮೇಷ್ಟರ ಚಹಾ, ಆಸ್ಪತ್ರೆಯ ಕ್ಯಾಂಟೀನು, ಎಲ್ಲ ನಮ್ಮ ಹಾಲಿನ ಮೇಲೇ ನಡೆಯುತ್ತವೆ. ನನ್ನ ಮಗ ಆರನೇ ತಿಂಗಳಿನಿಂದ ಹಸುವಿನ ಹಾಲು ಕುಡಿದವನು. ಈಗ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕು, ಅಷ್ಟೆತ್ತರ. ಮೊಮ್ಮಗಳಿಗೆ ಮಾತ್ರ ಅದು ಆಗುವುದಿಲ್ಲವಂತೆ.

ಮೊಮ್ಮಗಳಿಗೆ ಎಂಟು ತಿಂಗಳು ತುಂಬುತ್ತಿದೆ. ಅವಳಿಗೊಂದು ಹೆಸರಿದೆ, ಅದು ಆಸ್ಪತ್ರೆಯ ಚೀಟಿಗೆ. ನಾನು ಕರೆಯುವುದು ಬೆಣ್ಣೆ ಎಂದು. ಅದಕ್ಕಿನ್ನೂ ಯಾರೂ ಅಡ್ಡಿ ಮಾಡಿಲ್ಲ.

ಫೆಬ್ರವರಿ 6, ಗುರುವಾರ

ಸೊಸೆಯ ಬಾಟಲಿಗಳನ್ನು ಅಂಗಡಿಯ ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲೇ ಇಡಬೇಕು, ಮೇಲಿನ ತಟ್ಟೆಯಲ್ಲಿ. ಪಕ್ಕದ ದರ್ಜಿ ಹಾಲಿಗೆ ಬಂದವನು ಬೆರಳು ತೋರಿಸಿ, "ಅದೇನಕ್ಕಾ, ಹೊಸಾದು ಬಂದಿದೆ? ನಂಗೂ ಒಂದು ಬಾಟ್ಲಿ ಕೊಡಿ" ಎಂದ.

"ಅದು ಮಾರೋಕಲ್ಲ."

"ಯಾಕೆ, ಕೆಟ್ಟಿದೆಯಾ?"

"ಸೊಸೇದು" ಎಂದೆ.

ಪಾಪ, ತಾನು ತಂದಿದ್ದ ಪಾತ್ರೆಯನ್ನೇ ಕಟ್ಟೆಯ ಮೇಲೆ ಬಿಟ್ಟು ಹೋದ. ಇವತ್ತಿನಿಂದ ಆ ಬಾಟಲಿಗಳಿಗೆ ಪೇಪರ್ ಸುತ್ತಿಡುತ್ತಿದ್ದೇನೆ.

ಫೆಬ್ರವರಿ 14, ಶುಕ್ರವಾರ

ಮೂರು ಬಾಟಲಿ ಎರಡಾಯಿತು. ಬಸ್ ಓಡಿಸಿ, ಹೊತ್ತುಹೊತ್ತಿಗೆ ಕೂರಲಾಗದೆ, ಸೊಸೆಗೆ ಹಾಲು ಕಡಿಮೆಯಾಗುತ್ತಿದೆ. ನಿನ್ನೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಸರಿ, ಈಗಲಾದರೂ ನನ್ನ ಮಾತು ಬೇಕಾದೀತು ಎಂದುಕೊಂಡೆ.

ಬಂದದ್ದು ಡಬ್ಬಿ. ಹಾಲಿನ ಪುಡಿಯ ಡಬ್ಬಿ, ನನ್ನ ಹಾಲಿನಂಗಡಿಯ ಕಟ್ಟೆಯ ಮೇಲೆ. ಅಕ್ಕಸಾಲಿಗನ ಮನೆಯಲ್ಲಿ ಗಿಲೀಟಿನ ಬಳೆ ತಂದಿಟ್ಟ ಹಾಗೆ. ನೋಡಿದವರು ಏನೆಂದುಕೊಂಡಾರು? ತೆಗೆದು ಮೊಸರಿನ ಪಾತ್ರೆಗಳ ಹಿಂದೆ ತಳ್ಳಿದೆ.

ಬಾಯಿ ಸುಮ್ಮನಿರಲಿಲ್ಲ. "ಅಲ್ಲಮ್ಮ, ಆ ಪುಡೀನೂ ಹಸುವಿನ ಹಾಲಿಂದಲೇ ತಾನೇ ಮಾಡೋದು?"

"ಹೌದು ಅತ್ತೆ. ಆದ್ರೆ ಮಗೂಗೆ ಜೀರ್ಣ ಆಗೋ ಹಾಗೆ ಅದನ್ನ ಬದಲಾಯಿಸಿರ್ತಾರೆ. ಕಬ್ಬಿಣದಂಶ ಸೇರಿಸಿರ್ತಾರೆ. ಬರೀ ಹಾಲಲ್ಲಿ ಅದು ಇರಲ್ಲ."

ಕಬ್ಬಿಣ ಬೇಕಾದರೆ ನಿನ್ನ ಗಂಡನ ಚೀಲದಲ್ಲಿ ಬೋಲ್ಟು ನಟ್ಟು ಬೇಕಾದಷ್ಟಿವೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಇಲ್ಲಿ ಬರೆದೆ. ಹೊಟ್ಟೆ ತಣ್ಣಗಾಯಿತು.

ಫೆಬ್ರವರಿ 19, ಬುಧವಾರ

ಕೊಟ್ಟೆ.

ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತು. ಪುಡಿ ಕಲಸಿದ ಬಾಟಲಿಯನ್ನು ಬೆಣ್ಣೆ ಕೈಯಿಂದ ದೂಡಿದಳು. ಎರಡು ಸಲ ದೂಡಿದಳು. ಪಕ್ಕದಲ್ಲೇ ಕಾಸಿ ಆರಿಸಿದ ಹಾಲಿತ್ತು, ಕೆನೆ ತೆಗೆದದ್ದು. ಸ್ವಲ್ಪ ನೀರು ಬೆರೆಸಿ ಚಮಚದಲ್ಲಿ ಕುಡಿಸಿದೆ. ನಾಲ್ಕನೇ ಚಮಚಕ್ಕೆ ಬಾಯಿ ತಾನಾಗಿ ತೆರೆದುಕೊಂಡು ಬಂತು. ಆಕಾಶ ಕಳಚಿ ಬೀಳಲಿಲ್ಲ. ಕುಡಿದು, ನನ್ನ ಕಿವಿ ಹಿಡಿದು ಎಳೆದು, ಮಲಗಿದಳು.

ಫೆಬ್ರವರಿ 22, ಶನಿವಾರ

ಅರ್ಧ ಬಾಟಲಿ. ನೀರು ಕಡಿಮೆ ಮಾಡಿದ್ದೇನೆ.

ಫೆಬ್ರವರಿ 27, ಗುರುವಾರ

ಬೆಳಿಗ್ಗೆ ಒಂದು ಬಾಟಲಿ, ಮಧ್ಯಾಹ್ನ ಒಂದು. ಬೇಯಿಸಿದ ತರಕಾರಿಗೆ ಈಗ ಬಾಯಿಯನ್ನೇ ತೆರೆಯುವುದಿಲ್ಲ. ಹೊಟ್ಟೆ ತುಂಬಿದರೆ ತರಕಾರಿ ಯಾಕೆ ಬೇಕು?

ಒಂದೇ ತೊಂದರೆ. ಡಬ್ಬಿಯಲ್ಲಿ ಪುಡಿ ಕಡಿಮೆಯಾಗದಿದ್ದರೆ ಸೊಸೆಗೆ ಗೊತ್ತಾಗುತ್ತದೆ. ಚೆಲ್ಲಲು ಮನಸ್ಸು ಬರಲಿಲ್ಲ. ಏನೇ ಆದರೂ ಹಾಲೇ ತಾನೇ, ಒಣಗಿದ್ದಾದರೂ. ಹಾಗಾಗಿ ದಿನಕ್ಕೆ ಆರು ಚಮಚ ನಮ್ಮ ಯಜಮಾನರ ಚಹಾಕ್ಕೆ ಹಾಕುತ್ತಿದ್ದೇನೆ. ಇವರು ಕುಡಿದು, ಲೋಟದ ಒಳಗೆ ಇಣುಕಿ, "ಇತ್ತೀಚೆಗೆ ಚಹಾಕ್ಕೆ ಏನೋ ಹೊಸ ರುಚಿ ಬಂದಿದೆಯಲ್ಲೇ" ಎಂದರು.

"ನಿಮ್ಮ ನಾಲಿಗೆ ಹೊಸದಾಗಿರಬೇಕು" ಎಂದೆ.

ಮಾರ್ಚ್ 5, ಬುಧವಾರ

ಸಿಕ್ಕಿಬಿದ್ದೆ. ಇವರ ಕೈಗೇ.

ಮಧ್ಯಾಹ್ನ ಇವರು ಮೊಸರಿನ ಪಾತ್ರೆ ತೊಳೆಯಲು ಹಿಂದೆ ಬಂದರು. ನನ್ನ ಒಂದು ಕೈಯಲ್ಲಿ ಪುಡಿಯ ಚಮಚ ಇವರ ಲೋಟದ ಮೇಲಿತ್ತು, ಇನ್ನೊಂದು ಕೈಯಲ್ಲಿ ಬೆಣ್ಣೆಯ ಬಾಟಲಿ. ಇವರು ಎರಡನ್ನೂ ನೋಡಿದರು. ನಮ್ಮ ಯಜಮಾನರು ಕೂಗಾಡುವವರಲ್ಲ. ಸ್ಟೂಲು ಎಳೆದು ಕೂತರು.

"ಎಷ್ಟು ದಿನದಿಂದ?"

"ಎರಡು ವಾರ."

"ನಮ್ಮ ಮಗನಿಗೂ ಹೀಗೇ ಕೊಟ್ಟಿದ್ದೆ. ಹನ್ನೊಂದನೇ ತಿಂಗಳಲ್ಲಿ ಏನಾಯ್ತು ನೆನಪಿದೆಯಾ?"

"ಹಲ್ಲು ಬರ್ತಿತ್ತು."

"ಹಲ್ಲು ಬರೋದಕ್ಕೆ ಯಾರನ್ನಾದ್ರೂ ಒಂಬತ್ತು ದಿನ ಆಸ್ಪತ್ರೇಲಿ ಇಟ್ಕೋತಾರೇನೇ? ಕಾಗದದ ಹಾಗೆ ಬಿಳಿಚಿಕೊಂಡಿದ್ದ. ರಕ್ತ ಹಾಕಿದ್ರು."

ಇವರಿಗೆ ವಯಸ್ಸಾಯಿತು. ಬೇರೆ ಯಾರದೋ ಮಗುವಿನ ಕಥೆಯನ್ನು ನಮ್ಮದಕ್ಕೆ ಕಲಸಿಕೊಂಡಿದ್ದಾರೆ.

ಮಾರ್ಚ್ 6, ಗುರುವಾರ

ಒಂಬತ್ತು ದಿನವಲ್ಲ. ಏಳು ದಿನ.

ಮಾರ್ಚ್ 8, ಶನಿವಾರ

ಬೆಣ್ಣೆಗೆ ಇವತ್ತು ಒಂಬತ್ತು ತಿಂಗಳು. ನಿನ್ನೆಯಿಂದ ಪುಡಿಯ ಹಾಲನ್ನೇ ಕೊಡುತ್ತಿದ್ದೇನೆ. ಅಂಥದ್ದೇನೂ ಕಾರಣವಿಲ್ಲ. ಇವರ ಚಹಾ ಹಾಳಾಗುತ್ತಿತ್ತು, ಅಷ್ಟೇ. ಬೆಣ್ಣೆ ದೂಡುತ್ತಾಳೆ, ನಾನು ಹಾಡು ಹೇಳುತ್ತೇನೆ, ಮತ್ತೆ ದೂಡುತ್ತಾಳೆ, ಮತ್ತೆ ಹಾಡು. ಅರ್ಧ ಗಂಟೆಗೆ ಬಾಟಲಿ ಖಾಲಿಯಾಗುತ್ತದೆ, ನನ್ನ ಗಂಟಲೂ ಖಾಲಿಯಾಗುತ್ತದೆ.

ಕಿಟಕಿಯ ಬೆಳಕಿಗೆ ಎತ್ತಿಕೊಂಡು ಹೋಗಿ ಅವಳ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಕೆಂಪಗೇ ಇದೆ. ಕೆಂಪು ಎಂದರೆ ಎಷ್ಟು ಕೆಂಪಿರಬೇಕೋ. ಹೋಲಿಸಲು ನನ್ನ ರೆಪ್ಪೆಯನ್ನೂ ಕನ್ನಡಿಯಲ್ಲಿ ನೋಡಿಕೊಂಡೆ. ಆಮೇಲೆ ಇವರದ್ದು. ಇವರು ಏನೂ ಕೇಳದೆ ಮುಖ ಮೇಲೆತ್ತಿ ನಿಂತುಕೊಂಡರು.

ಆಸ್ಪತ್ರೆಯಲ್ಲಿ ಮಗನ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಹಸಿರು ಬಣ್ಣದ ಕಂಬಳಿ. ಅಳುವುದನ್ನೂ ಬಿಟ್ಟಿದ್ದ, ಅಷ್ಟು ಸೋತಿದ್ದ. ಇದೆಲ್ಲ ಯಾಕೆ ಈಗ.

ಮಾರ್ಚ್ 12, ಬುಧವಾರ

ಒಂಬತ್ತು ತಿಂಗಳ ತಪಾಸಣೆ. ನಾನೂ ಬರುತ್ತೇನೆ ಎಂದೆ. ಸೊಸೆ ಹುಬ್ಬೇರಿಸಿದಳು, ಬೇಡ ಎನ್ನಲಿಲ್ಲ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಬಳಪದಂಥ ಬಿಳಿ ಬೂಟು, ಮೇಜಿನ ಮೇಲೆ ರಬ್ಬರಿನ ಆನೆ. ಬೆಣ್ಣೆಯ ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದರು. ಅವಳು ಅಳುವ ಬದಲು ಆನೆಯನ್ನು ಬಾಯಿಗಿಟ್ಟುಕೊಂಡಳು. ಅಳಬೇಕೆನ್ನಿಸಿದ್ದು ನನಗೆ.

ಯಂತ್ರದಲ್ಲಿ ಅಂಕಿ ಬಂತು. "ರಕ್ತ ಸ್ವಲ್ಪ ಕಡಿಮೆ ಇದೆ. ಗಾಬರಿ ಬೇಡ. ಊಟ ಹೇಗೆ? ಹಸುವಿನ ಹಾಲು ಏನಾದ್ರೂ ಶುರು ಮಾಡಿದ್ದೀರಾ?"

"ಇಲ್ಲ" ಎಂದಳು ಸೊಸೆ. ಪೂರಾ ಧೈರ್ಯದಿಂದ ಹೇಳಿದಳು. ನನ್ನನ್ನು ನಂಬಿದ್ದ ಧೈರ್ಯ ಅದು.

ನಾನು ನೆಲದ ಹಾಸುಗಲ್ಲು ಎಣಿಸಿದೆ. ಆರು. "ಕೊಟ್ಟಿದ್ದೀನಿ" ಎಂದೆ. "ಎರಡು ವಾರ. ಕೊನೆಕೊನೆಗೆ ದಿನಕ್ಕೆ ಎರಡು ಬಾಟಲಿ. ಆಮೇಲೆ ಬಿಟ್ಟೆ."

ಸೊಸೆ ನನ್ನ ಕಡೆ ತಿರುಗಲೇ ಇಲ್ಲ. ಡಾಕ್ಟರಮ್ಮ ಒಳ್ಳೆಯವರು. "ಎರಡು ವಾರಕ್ಕೇ ಹೀಗಾಗಲ್ಲ ಅಮ್ಮಾ, ಮೊದಲೇ ಸ್ವಲ್ಪ ಕಡಿಮೆ ಇದ್ದಿರಬಹುದು. ಆದ್ರೆ ಹಾಲಲ್ಲೇ ಹೊಟ್ಟೆ ತುಂಬಿದ್ರೆ ಮಗು ಬೇರೆ ಏನೂ ತಿನ್ನಲ್ಲ. ಹಾಲಲ್ಲಿ ಕಬ್ಬಿಣದಂಶ ಇಲ್ಲ, ಊಟದಲ್ಲಿರೋದು ಮೈಗೆ ಹತ್ತೋಕೂ ಅದು ಅಡ್ಡ ಬರುತ್ತೆ. ಕೆಲವು ಮಕ್ಕಳಿಗೆ ಕರುಳಲ್ಲಿ ಗೊತ್ತಾಗದ ಹಾಗೆ ರಕ್ತಾನೂ ಜಿನುಗುತ್ತೆ. ಹಾಗೇ ಮುಂದುವರಿಸಿದ್ದಿದ್ರೆ ಕಷ್ಟ ಆಗ್ತಿತ್ತು. ನೀವು ಹೇಳಿದ್ದು ಒಳ್ಳೇದಾಯ್ತು" ಎಂದು ಕಬ್ಬಿಣದ ಹನಿ ಔಷಧಿ ಬರೆದುಕೊಟ್ಟರು.

ಮನೆಯ ಮೆಟ್ಟಿಲಲ್ಲಿ ಸೊಸೆ ಹೇಳಿದಳು: "ನಾಳೆಯಿಂದ ಮಗೂನ ಡಿಪೋ ಪಕ್ಕದ ಶಿಶುವಿಹಾರಕ್ಕೆ ಬಿಡ್ತೀನಿ ಅತ್ತೆ."

ಜಗಳವಾಡಿದ್ದರೆ ಉತ್ತರ ಕೊಡುತ್ತಿದ್ದೆ.

ಮಾರ್ಚ್ 14, ಶುಕ್ರವಾರ

ಹಾಲು ಬಂತು. ಹಾಲು ಹೋಯಿತು.

ಮಾರ್ಚ್ 17, ಸೋಮವಾರ

ಅಂಗಡಿ ಎಷ್ಟು ಚೊಕ್ಕಟವಾಗಿದೆ ಎಂದರೆ ನೋಡಲಾಗುವುದಿಲ್ಲ. ಯಾರೂ ಅಳತೆಯ ಲೋಟಗಳನ್ನು ಉರುಳಿಸುವುದಿಲ್ಲ. ದರ್ಜಿ, "ಎಲ್ಲಕ್ಕಾ ನಮ್ಮ ಪುಟ್ಟ ಮೇಡಂ?" ಎಂದ. ಶಾಲೆಗೆ ಹೋಗುತ್ತಿದ್ದಾಳೆ ಎಂದೆ. "ಒಂಬತ್ತು ತಿಂಗಳಿಗೇ? ಭಾರಿ ಚುರುಕು ಬಿಡಿ" ಎಂದ.

ಮಗ ಮಧ್ಯೆ ಸಿಕ್ಕಿ ನಲುಗುತ್ತಿದ್ದಾನೆ. ನನ್ನ ಮುಂದೆ ಅವಳ ಪರ, ಅವಳ ಮುಂದೆ ನನ್ನ ಪರ. ಎರಡು ಮಹಡಿಯ ನಡುವೆ ನಿಂತುಹೋದ ಲಿಫ್ಟಿನ ಹಾಗೆ.

ಮಾರ್ಚ್ 25, ಮಂಗಳವಾರ

ಇವತ್ತು ಬಸ್ಸು ಹತ್ತಿದೆ. ಎಲ್ಲಿಗೂ ಹೋಗಬೇಕಿರಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಬೇಕರಿ ಎದುರಿನ ನಿಲ್ದಾಣಕ್ಕೆ ಹೋಗಿ ನಿಂತೆ, ಸೊಸೆಯ ಬಸ್ಸೇ ಬಂತು. ಎರಡು ಬಸ್ಸು ಬಿಟ್ಟಮೇಲೆ ಬಂತು ಎಂದು ಬರೆದರೆ ಹೆಚ್ಚು ನಿಜ.

ಅವಳ ಹಿಂದಿನ ಸೀಟಿನಲ್ಲೇ ಕೂತೆ. ಎದುರಿಗೆ, 'ಬಸ್ ಚಲಿಸುವಾಗ ಚಾಲಕರೊಡನೆ ಮಾತಾಡಬಾರದು' ಎಂಬ ಬೋರ್ಡು. ನನಗೇ ಬರೆಸಿದ ಹಾಗಿತ್ತು. ಕನ್ನಡಿಯಲ್ಲಿ ಒಂದು ಸಲ ನನ್ನನ್ನು ನೋಡಿದಳು, ಆಮೇಲೆ ರಸ್ತೆ ನೋಡಿದಳು. ಎಂಥ ಚೆಂದ ಓಡಿಸುತ್ತಾಳೆ. ಒಬ್ಬ ಮುದುಕ ಇಳಿಯಲು ತಡಮಾಡಿದ. ಅವನ ಎರಡು ಕಾಲೂ ನೆಲ ಮುಟ್ಟುವ ತನಕ ಬಸ್ಸು ಅಲುಗಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. ಅವಳು ಎಂಜಿನ್ ನಿಲ್ಲಿಸಿ, ಊಟದ ಡಬ್ಬಿ ತೆಗೆದುಕೊಂಡು ಬಂದು ಆಚೆ ಬದಿಯ ಸೀಟಿನಲ್ಲಿ ಕೂತಳು.

"ಎಲ್ಲಿಗೆ ಹೋಗ್ಬೇಕಿತ್ತು ಅತ್ತೆ?"

"ಇಲ್ಲಿಗೇ."

ಅವಳು ಬ್ರೆಡ್ಡು ಮುರಿದಳು. ಹೇಗೆ ಶುರುಮಾಡಬೇಕೆಂದು ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. "ನಿನ್ನ ಗಂಡನಿಗೆ ಹನ್ನೊಂದು ತಿಂಗಳಿದ್ದಾಗ ರಕ್ತ ಹಾಕಿದ್ರು" ಎಂದೆ.

ಅವಳ ಕೈ ನಿಂತಿತು.

"ನಾನು ಬೆಳಗಿಂದ ಸಂಜೆ ತನಕ ಅಂಗಡಿ ಕಟ್ಟೇಲಿ ನಿಂತಿರ್ತಿದ್ದೆ. ಎದೆಹಾಲು ಬೇಗ ನಿಂತುಹೋಯ್ತು. ಕೈಗೆ ಸಿಕ್ಕೋದೇ ಕ್ಯಾನಿನ ಹಾಲು, ಅದನ್ನೇ ಕುಡಿಸಿದೆ. ಬೇರೇನೂ ತಿಂತಿರ್ಲಿಲ್ಲ. ಗುಂಡಗಿದ್ದ, ಎಲ್ಲರೂ ಮೆಚ್ಚಿಕೊಳ್ಳೋರು. ಬಿಳಿಚಿಕೊಂಡಿದ್ದನ್ನ ಬಣ್ಣ ಬಂತು ಅಂದುಕೊಂಡೆ ಕಣಮ್ಮ."

"ಅವರಿಗೆ ಗೊತ್ತಾ ಇದು?"

"ಇಲ್ಲ. ಹಾಲು ಜಾಸ್ತಿಯಾಗಿ ಹೀಗಾಗಿದೆ ಅಂತ ಆಗಿನ ಡಾಕ್ಟರು ನನ್ನ ಮುಂದೆನೇ ಹೇಳಿದ್ರು. ಅಂಗಡಿ ತೆಗೆದು ಎರಡು ವರ್ಷ ಆಗಿತ್ತು. ಹಾಲಿನಂಗಡಿಯವಳ ಮಗನಿಗೇ ಹಾಲಿಂದ ಹೀಗಾಯ್ತಂತೆ ಅಂದ್ರೆ ಯಾರು ಬರ್ತಾರೆ? ಹಲ್ಲು ಬರ್ತಿತ್ತು ಅಂದೆ. ಕೇಳಿದೋರಿಗೆಲ್ಲ ಅದನ್ನೇ ಅಂದೆ. ಅಂದೂ ಅಂದೂ ನಂಗೇ ಅದು ನಿಜ ಆಗೋಯ್ತು."

ಹೊರಗೆ ಒಬ್ಬ ಪೊರಕೆ ಹಿಡಿದು ನಿಲ್ದಾಣ ಗುಡಿಸುತ್ತಿದ್ದ. ಅವನು ಈ ತುದಿಯಿಂದ ಆ ತುದಿಗೆ ಹೋಗುವ ತನಕ ನೋಡಿದೆವು.

"ಹಾಲು ಕೊಟ್ಟಿದ್ದಕ್ಕಿಂತ ನನಗೆ ಬೇಜಾರಾಗಿದ್ದು ಬೇರೆ" ಎಂದಳು. "ನಾನು ಡಾಕ್ಟರಿಗೆ 'ಇಲ್ಲ' ಅಂತ ಎದೆ ತಟ್ಟಿ ಹೇಳಿದೆನಲ್ಲ, ಅದು."

"ಗೊತ್ತು."

"ಇನ್ನೇನಾದ್ರೂ ಕೊಟ್ಟಿದ್ದೀರಾ? ಇದ್ರೆ ಈಗಲೇ ಹೇಳಿಬಿಡಿ."

"ಬೆರಳ ತುದೀಲಿ ಬೆಣ್ಣೆ. ಮೂರು ಸಲ." ಸ್ವಲ್ಪ ಯೋಚಿಸಿ, "ನಾಲ್ಕು" ಎಂದೆ.

ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. "ಬೆಣ್ಣೆ ಪರವಾಗಿಲ್ಲ ಅತ್ತೆ. ಮೊಸರೂ ಪರವಾಗಿಲ್ಲ, ಮೊದಲ ದಿನವೇ ಹೇಳಿದ್ದೆ. ನೀವೇ ಸಿಟ್ಟಲ್ಲಿ ಬೇಡ ಅಂದಿದ್ದು." ಗಡಿಯಾರ ನೋಡಿಕೊಂಡು, ಅರ್ಧ ಬ್ರೆಡ್ಡು ನನ್ನ ಕೈಗಿಟ್ಟು, ಹೋಗಿ ಎಂಜಿನ್ ಶುರುಮಾಡಿದಳು. ವಾಪಸ್ ಬರುವಾಗ ಜನ ತುಂಬಿದ್ದರು. ಮಾತಾಡಲಿಲ್ಲ, ಬೋರ್ಡಿತ್ತಲ್ಲ.

ಮಾರ್ಚ್ 26, ಬುಧವಾರ

ಊಟದ ಮೇಜಿನಲ್ಲಿ ಮಗನಿಗೆ ನಾನೇ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ನನ್ನೊಳಗಿರೋದು ಯಾರ ರಕ್ತ ಅಮ್ಮ?" ಎಂದ.

"ಅದೆಲ್ಲ ಯಾವಾಗಲೋ ಖರ್ಚಾಗೋಯ್ತು ಕಣೋ. ಈಗಿರೋದು ನಿಂದೇ" ಎಂದರು ಇವರು.

ಮಾರ್ಚ್ 31, ಸೋಮವಾರ

ಬೆಣ್ಣೆ ಅಂಗಡಿಗೆ ವಾಪಸ್. ಬಂದ ಐದನೇ ನಿಮಿಷಕ್ಕೆ ಲೋಟಗಳೆಲ್ಲ ನೆಲದಲ್ಲಿ. ಹಾಲು ಕುಡಿದಷ್ಟು ಸಂತೋಷವಾಯಿತು. ನನಗೆ, ಅವಳಿಗಲ್ಲ.

ಏಪ್ರಿಲ್ 16, ಬುಧವಾರ

ಈ ಕಬ್ಬಿಣದ ಹನಿ ಒಂದು ವಿಚಿತ್ರ. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಡಾಕ್ಟರಮ್ಮ ಮೊನ್ನೆ ಹನಿ ಹೆಚ್ಚಿಸಿದ ಮೇಲೆ ಮಲವೆಲ್ಲ ಕಪ್ಪು. ಬೆಳಿಗ್ಗೆ ಅದನ್ನು ನೋಡಿ ಹೋಗಿದ್ದ ಸೊಸೆ ಗಾಬರಿಯಾಗಿ ಡಿಪೋದಿಂದ ಫೋನು ಮಾಡಿದಳು. "ಏನೂ ಇಲ್ಲಮ್ಮ, ಔಷಧಿಗೆ ಹಾಗೇ ಆಗೋದು. ನಿನ್ನ ಗಂಡನಿಗೂ ಹಾಗೇ ಆಗಿತ್ತು" ಎಂದೆ. ಇಷ್ಟು ವರ್ಷದಲ್ಲಿ ಆ ಏಳು ದಿನದಿಂದ ಒಂದು ಉಪಯೋಗವಾಯಿತು.

ಬೇಳೆ, ಸೊಪ್ಪು, ಮೊಟ್ಟೆಯ ಹಳದಿ. ಎಲ್ಲ ನುಣ್ಣಗೆ ಹಿಸುಕಿ, ನಿಂಬೆಯ ಒಂದು ತೊಟ್ಟು ಹಿಂಡುತ್ತೇನೆ, ಹುಳಿ ಇದ್ದರೆ ಕಬ್ಬಿಣದಂಶ ಮೈಗೆ ಹತ್ತುತ್ತದಂತೆ. ಕೊನೆಗೆ ಎರಡು ಚಮಚ ನನ್ನ ಮೊಸರು. ಎರಡೇ. ಇವರು ಮೂರನೆಯದನ್ನು ಹಾಕಲು ಹೋದರು, ಕೈ ಮೇಲೊಂದು ಕೊಟ್ಟೆ.

ಪುಡಿಯ ಡಬ್ಬಿ ಈಗ ಕಟ್ಟೆಯ ಮೇಲೇ ಇದೆ. ಹಿಂದೆ ಕೈಹಾಕಿ ಹುಡುಕಲು ಬೆನ್ನು ನೋಯುತ್ತದೆ.

ಮೇ 9, ಶುಕ್ರವಾರ

ಹೂವಂಗಡಿಯ ಹುಡುಗಿ ಬಂದಿದ್ದಳು, ಹತ್ತು ತಿಂಗಳ ಕೂಸನ್ನು ಬಗಲಲ್ಲಿಟ್ಟುಕೊಂಡು. ದಿನಾ ಅರ್ಧ ಲೀಟರ್ ಬೇಕು ಎಂದಳು.

"ಯಾರಿಗಮ್ಮ?"

"ಇವನಿಗೇ ಆಂಟಿ. ಮೂರು ಹೊತ್ತೂ ಹಾಲೇ ಕುಡಿಸೋಣ ಅಂತ. ಊಟ ಮಾಡೋಕೆ ಕಾಡಿಸ್ತಾನೆ."

"ನಿನಗೆ ಬೇಕಾದ್ರೆ ತಗೊಂಡು ಹೋಗು. ಅವನಿಗಾದ್ರೆ ಕೊಡಲ್ಲ" ಎಂದೆ. ರೆಪ್ಪೆ ಎಳೆದು ತೋರಿಸಿದೆ, ಬೇಳೆ ಹೇಳಿದೆ, ಸೊಪ್ಪು ಹೇಳಿದೆ, ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟೆ. ಒಂದು ಬಟ್ಟಲು ಮೊಸರು ಕೊಟ್ಟು ಕಳಿಸಿದೆ. ಅವಳ ಹಿಂದೆ ನಾಲ್ಕು ಜನ ಪಾತ್ರೆ ಹಿಡಿದು ಕಾಯುತ್ತಿದ್ದರು.

ಇವರು ಸೌಟು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. "ಏನು?" ಎಂದೆ. "ಏನಿಲ್ಲ" ಎಂದರು. ಈ ಗಂಡಸರಿಗೆ ಕೆಲಸದ ಹೊತ್ತಿನಲ್ಲೇ ಕನಸು.

ಜೂನ್ 4, ಬುಧವಾರ

ಬೆಣ್ಣೆಯ ರಕ್ತ ಸರಿಯಾಗಿದೆ. ಡಾಕ್ಟರಮ್ಮ ಎರಡು ಸಲ ಹೇಳಿದರು. ನಾನು ಮೂರನೇ ಸಲ ಕೇಳಿದೆ.

ಜೂನ್ 8, ಭಾನುವಾರ

ಬೆಣ್ಣೆಗೆ ಒಂದು ವರ್ಷ. ಸೊಸೆಗೆ ರಜೆ, ಮಗನಿಗೂ ರಜೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಅಂಗಡಿಗೆ ಇಳಿದು ಬಂದರು, ಬೆಣ್ಣೆ ಹಳದಿ ಟೋಪಿ ಹಾಕಿಕೊಂಡು. ಹೊಸ ಹಾಲು ಕಾಸಿ ಆರಿಸಿದ್ದೆ. ಸೊಸೆ ಸಣ್ಣ ಸ್ಟೀಲ್ ಲೋಟಕ್ಕೆ ಬಗ್ಗಿಸಿ ನನ್ನ ಕಡೆ ಚಾಚಿದಳು.

"ನೀವೇ ಕೊಡಿ ಅತ್ತೆ. ಇವತ್ತಿಗೆ ಒಂದು ವರ್ಷ ಆಯ್ತಲ್ಲ."

"ಎಲ್ಲಿ ಆಯ್ತು?" ಎಂದೆ. "ಹುಟ್ಟಿದ್ದು ಸಂಜೆ ನಾಲ್ಕೂ ಮುಕ್ಕಾಲಿಗೆ."

ಮಗ ಕ್ಯಾನಿನ ಮೇಲೆ ಕೂತು ನಗತೊಡಗಿದ. ಸೊಸೆಯೂ ಸೇರಿಕೊಂಡಳು. ಇವರಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗುವಂಥದ್ದು ನಾನೇನು ಹೇಳಿದೆನೋ ಗೊತ್ತಾಗಲಿಲ್ಲ. ವರ್ಷ ಅಂದರೆ ವರ್ಷ. ಲೋಟದ ಹಾಲನ್ನು ಪಾತ್ರೆಗೆ ವಾಪಸ್ ಸುರಿದೆ. ಬೆಣ್ಣೆಗೆ ಬೇಳೆ ತಿನ್ನಿಸಿದೆ.

ನಾಲ್ಕೂ ಮುಕ್ಕಾಲಿಗೆ ಅಂಗಡಿಯಲ್ಲಿ ಜನ ಸೇರಿದ್ದರು. ದರ್ಜಿ ತನ್ನ ಪಾತ್ರೆ ಹಿಡಿದು ಮುಂದೆಯೇ ನಿಂತಿದ್ದ. ಬೆಣ್ಣೆಯನ್ನು ಮಡಿಲಲ್ಲಿ ಕೂರಿಸಿಕೊಂಡು ಲೋಟ ಬಾಯಿಗಿಟ್ಟೆ. ಎರಡು ಗುಟುಕು ಕುಡಿದಳು. ಮೂರನೆಯದನ್ನು ಬಾಯಲ್ಲಿಟ್ಟುಕೊಂಡು, ನನ್ನ ಮುಖವನ್ನೇ ನೋಡಿ, ನನ್ನ ಕತ್ತಿನ ಮೇಲೆ ಉಗಿದಳು. ಜನ ಚಪ್ಪಾಳೆ ತಟ್ಟಿದರು.

"ಇವತ್ತಿಗೆ ಇಷ್ಟು ಸಾಕು" ಎಂದೆ.

"ಇನ್ನೊಂದೇ ಗುಟುಕು ಕುಡಿಸೋಣ ಅತ್ತೆ, ಕುಡೀತಾಳೆ" ಎಂದು ಸೊಸೆ ಲೋಟಕ್ಕೆ ಕೈಚಾಚಿದಳು.

ನಾನು ಕೊಡಲಿಲ್ಲ.